ಶೆಕಿಲಿಂಡಿ ಬರೆದ ನಾಲ್ಕು ‘ಹೋಡಿ’

ತನ್ನ ಕೈಯಾರೆ ಮೂರು ಸಲ ಬರೆದ ಬೋರ್ಡಿನ ಅರ್ಥ ಗೊತ್ತಿಲ್ಲದೆ ನಲವತ್ತು ವರ್ಷ ಅದರ ಮುಂದೆಯೇ ಸೈಕಲ್ಲು ತುಳಿಯುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಟಾಂಗಾ ಎಂಬ ಬಂದರು ಊರಿನಲ್ಲಿ ಬೋರ್ಡು ಬರೆಯುವ ಶೆಕಿಲಿಂಡಿ ಅಜ್ಜನಿಂದ ಅದು ಆಯಿತು.

ಬೋರ್ಡು ನಿಂತಿದ್ದದ್ದು ಅಜ್ಜನ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ನಾಲ್ಕು ರಸ್ತೆ ಬಂದು ಸೇರುವ ವೃತ್ತದ ನಡುವೆ. ಹಿಂದೆ ಬ್ರಿಟಿಷರು ‘ಕೀಪ್ ಲೆಫ್ಟ್’ ಎಂದು ಬರೆಸಿ ನೆಟ್ಟು ಹೋಗಿದ್ದರು. ಎಡಗಡೆಯಿಂದಲೇ ಹೋಗಿ ಎಂಬ ಅಪ್ಪಣೆ. ಊರಿನ ನಾಲಿಗೆ ಅದನ್ನು ಅಗಿದು ಅಗಿದು ‘ಕಿಪಿಲೆಫ್ಟಿ’ ಮಾಡಿಕೊಂಡಿತು. ಅಪ್ಪಣೆಯನ್ನು ಉಗುಳಿ ಹೆಸರನ್ನಷ್ಟೇ ನುಂಗಿತು. ರಸ್ತೆಯ ನಡುವೆ ದುಂಡಗೆ ಏನಿದ್ದರೂ ಅದು ಕಿಪಿಲೆಫ್ಟಿ. “ಕಿಪಿಲೆಫ್ಟಿ ಹತ್ರ ಇಳಿಸಪ್ಪಾ” ಎಂದರೆ ಬಸ್ಸಿನವನಿಗೆ ತಿಳಿಯುತ್ತದೆ, ಅಷ್ಟು ಸಾಕು. ಬಣ್ಣ ಮಾಸಿದಾಗಲೆಲ್ಲ ಅಜ್ಜ ಅದನ್ನು ಜಾಗದ ಹೆಸರೆಂದೇ ತಿಳಿದು ಹೊಸದಾಗಿ ಬರೆಯುತ್ತಿದ್ದ. ಮೂರನೆಯ ಸಲ ಬರೀ ಹೆಸರು ಬೋಳುಬೋಳಾಗಿ ಕಂಡಿತು. ಕೆಳಗೆ ‘ನಿಮಗೆ ಸ್ವಾಗತ’ ಎಂದು ಸೇರಿಸಿ, ಎರಡು ಪಕ್ಕಕ್ಕೂ ಒಂದೊಂದು ದಾಸವಾಳ ಬಿಡಿಸಿದ.

ಹೂವಿನ ಚಪಲ ಅಜ್ಜನಿಗೆ ಮೊದಲಿನಿಂದಲೂ ಇತ್ತು. ಉಸಂಬಾರಾ ಬೆಟ್ಟದಿಂದ ಹದಿನೇಳನೆಯ ವಯಸ್ಸಿಗೆ ಇಳಿದು ಬಂದವನು ಕತ್ತಾಳೆ ತೋಟದ ಬಂಡಿಗಳಿಗೆ ನಂಬರು ಬರೆಯುವ ಕೆಲಸಕ್ಕೆ ಸೇರಿದ್ದ. ಏಳರ ಬಾಲಕ್ಕೆ ಎಲೆ ಮೂಡಿಸಿದ, ಎಂಟರ ಎರಡು ಹೊಟ್ಟೆಗೂ ಮೊಗ್ಗು ತುಂಬಿದ. ಇದು ತೋಟವೋ ಮದುವೆ ಚಪ್ಪರವೋ ಎಂದು ಮೇಲ್ವಿಚಾರಕ ಓಡಿಸಿಬಿಟ್ಟ. ಆಮೇಲೆ ದೋಣಿಗಳಿಗೆ ಕಣ್ಣು ಬರೆದ, ಬಸ್ಸುಗಳಿಗೆ ಹೆಸರು ಬರೆದ, ಕ್ಷೌರದಂಗಡಿಗಳ ಗೋಡೆಗೆ ತಲೆಗಳನ್ನು ಬರೆದ. ಇಂದಿಗೂ ಟಾಂಗಾದ ಯಾವ ಕ್ಷೌರದಂಗಡಿಗೆ ಹೋದರೂ ಗೋಡೆಯ ಮೇಲೆ ಆರು ಬಗೆಯ ಕಟಿಂಗು ಸಿಗುತ್ತದೆ, ಕಿವಿ ಮಾತ್ರ ಒಂದೇ ಜೊತೆ. ಎಲೆಯಂತೆ ಅಗಲವಾದ ಶೆಕಿಲಿಂಡಿ ಕಿವಿ. ನೋಡಿ ಬರೆಯಲು ಪಾಪ, ಅಜ್ಜನ ಹತ್ತಿರ ಇದ್ದದ್ದು ಒಂದು ಕನ್ನಡಿ, ಒಂದು ತಲೆ.

ಈಗ ಎಲ್ಲರೂ ಯಂತ್ರದಲ್ಲಿ ಅಚ್ಚು ಹಾಕಿಸಿದ ಬೋರ್ಡು ತರಿಸುತ್ತಾರೆ. ಕೆಲಸ ಕಡಿಮೆಯಾದ ಮೇಲೆ ಅಜ್ಜನಿಗೆ ಉಳಿದ ಒಬ್ಬಳೇ ಅಭಿಮಾನಿ ಆರು ವರ್ಷದ ಮೊಮ್ಮಗಳು ಹಫ್ಸಾ. ಅಭಿಮಾನಿ ಅಂದರೆ, “ಅಜ್ಜಾ, ಈ ಅಕ್ಷರಕ್ಕೆ ಹೊಟ್ಟೆ ನೋವು ಬಂದಿದೆ” ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವವಳು. ಅಜ್ಜ ಅಳಿಸಿ ಮತ್ತೆ ಬರೆಯುತ್ತಿದ್ದ.

ಅವಳ ತಾಯಿ ಸೌಮು, ಅಜ್ಜನ ಸೊಸೆ, ದಾರ್ ಎಸ್ ಸಲಾಮ್‌ನಲ್ಲಿ ಓದಿದವಳು. ಗಂಡ ಬೆಳಗಾಗುವ ಮೊದಲೇ ಬಂದರಿನ ಕ್ರೇನು ಹತ್ತಲು ಹೋದರೆ, ಸೌಮು ಎರಡು ಸಲ ಕುದಿಸಿದ ನೀರನ್ನು ಮೂರನೆಯ ಸಲ ಕುದಿಸಲೋ ಬೇಡವೋ ಎಂದು ಯೋಚಿಸುತ್ತ ನಿಲ್ಲುವವಳು. ಮಗು ಕೆಮ್ಮಿದರೆ ಹಣೆ ಮುಟ್ಟಿ ನೋಡುತ್ತಾಳೆ, ಕೆಮ್ಮದಿದ್ದರೆ ಯಾಕೆ ಕೆಮ್ಮಲಿಲ್ಲ ಎಂದು ಮುಟ್ಟಿ ನೋಡುತ್ತಾಳೆ. ಜನವರಿಯಲ್ಲಿ ಹಫ್ಸಾ ಒಂದನೆಯ ತರಗತಿಗೆ ಸೇರಬೇಕು. ಶಾಲೆ ಇರುವುದು ಕಿಪಿಲೆಫ್ಟಿಯ ಆಚೆ. ಒಂದು ಬೆಳಿಗ್ಗೆ ಸೌಮು ಜಗಲಿಯಲ್ಲಿ ಕೂತು ಲೆಕ್ಕ ಹಾಕಿದಳು.

“ಮಾವಾ, ಎರಡು ಗಂಟೇಲಿ ಹನ್ನೊಂದು ಗಾಡಿ ಬಲಗಡೆಯಿಂದ ನುಗ್ಗಿದಾವೆ.”

“ಯಾರಮ್ಮಾ ಅವರು, ಮಾನ ಇಲ್ದೋರು!”

“ನಾಲ್ಕು ಸಲ ನೀವೇ.”

“ನಾನು ಮರಗೆಣಸು ತಿನ್ನಕ್ಕೆ ಹೋಗಿದ್ದು ಕಣಮ್ಮಾ. ಅದನ್ನ ಪ್ರಯಾಣ ಅಂತಾರಾ?”

ಬಾದಾಮಿ ಮರದ ಕೆಳಗೆ ಬೀ ಹಿದಾಯಾ ಮರಗೆಣಸು ಕರಿಯುವ ಬಾಣಲೆ ಇಟ್ಟಿರುವುದು ವೃತ್ತದ ಬಲ ಅಂಚಿನಲ್ಲಿ. ಅಷ್ಟಕ್ಕಾಗಿ ಸುತ್ತು ಹಾಕುವುದು ಅಜ್ಜನಿಗೆ ದಂಡವೆನಿಸುತ್ತಿತ್ತು. ಆಗ ಸೌಮು ಬೋರ್ಡಿನ ಅರ್ಥ ಬಿಡಿಸಿ ಹೇಳಿದಳು. ಅಜ್ಜ ಬಹಳ ಹೊತ್ತು ಗಡ್ಡ ಕೆರೆದುಕೊಂಡ.

“ಹಂಗಾದ್ರೆ ನಾನು ಪೊಲೀಸಿನೋರ ಅಪ್ಪಣೆ ಕೆಳಗೆ ಸ್ವಾಗತ ಅಂತ ಬರ್ದಿದೀನಾ?”

“ಹೂವು ಬೇರೆ ಇಟ್ಟಿದೀರಿ.”

ಅದೇ ವಾರ ಒಂದು ಬಾಡಿಗೆ ಬೈಕು ಎಳನೀರಿನ ತಳ್ಳುಗಾಡಿಗೆ ಗುದ್ದಿತು. ಸತ್ತವರು ಯಾರೂ ಇಲ್ಲ. ಬೈಕಿನವನ ಮಂಡಿ ತರಚಿತು. ಆದರೆ ಉರುಳಿಕೊಂಡು ಬಂದ ಎಳನೀರೊಂದು ಸೌಮುವಿನ ಕೈ ಹಿಡಿದು ನಿಂತಿದ್ದ ಹಫ್ಸಾಳ ಕಾಲ ಬೆರಳಿಗೆ ತಾಗಿ ನಿಂತಿತು. ಮಗು ನಕ್ಕಿತು. ಸೌಮು ನಗಲಿಲ್ಲ. ಮನೆಗೆ ಬಂದವಳೇ ಹೇಳಿದಳು: “ಶಾಲೆ ತೆರೆಯೋಷ್ಟರಲ್ಲಿ ಆ ಕಿಪಿಲೆಫ್ಟಿ ಸರಿ ಹೋಗ್ಲಿಲ್ಲ ಅಂದ್ರೆ ನಾನು ಇವಳನ್ನ ದಾರ್‌ಗೆ ಕರ್ಕೊಂಡು ಹೋಗ್ತೀನಿ ಮಾವಾ. ಅಮ್ಮನ ಮನೆ ಬಾಗಿಲಲ್ಲೇ ಶಾಲೆ ಇದೆ. ರಸ್ತೆ ದಾಟೋದೇ ಬೇಡ.”

ಅವಳು ಹೆದರಿಸುತ್ತಿರಲಿಲ್ಲ, ಹೆದರಿದ್ದಳು. ಅದು ಅಜ್ಜನಿಗೆ ಗೊತ್ತಾಯಿತು. ಆ ಸಂಜೆ ಬರೆದ ಅಕ್ಷರಗಳಿಗೆಲ್ಲ ಹೊಟ್ಟೆ ನೋವು ಬಂದಿತ್ತು, ಹೇಳುವವಳು ನಿದ್ದೆ ಹೋಗಿದ್ದಳು.

ಮಾರನೆಯ ದಿನ ಅಜ್ಜ ಬೀದಿಯ ಅಧ್ಯಕ್ಷ ಸೆಂಬೋಜಾನ ಮನೆಗೆ ಹೋದ. ರಸ್ತೆ ಬಣ್ಣ, ತಗಡು, ಒಪ್ಪಿಗೆ ಪತ್ರ ಎಲ್ಲವನ್ನೂ ತಂದುಕೊಡುವುದಾಗಿ ಸೆಂಬೋಜಾ ಮಾತು ಕೊಟ್ಟ, ಕೊಟ್ಟ ಮಾತಿನಂತೆ ತಂದೂ ಕೊಟ್ಟ. ಒಂದೇ ಕರಾರು ಹಾಕಿದ: “ಅಜ್ಜಾ, ಈ ಸಲ ಸ್ವಾಗತ ಬೇಡ.”

ಅಜ್ಜ ನಾಲ್ಕು ದಿನ ಮೊಣಕಾಲೂರಿ ದುಡಿದ. ದಾಟಲು ಬಿಳಿ ಪಟ್ಟೆ ಎಳೆದ, ಎಡಕ್ಕೆ ತಿರುಗುವ ಬಾಣ ಬರೆದ. ಬಾಣಕ್ಕೆ ನೆರಳು ಕೊಟ್ಟ, ನೆರಳಿಗೆ ಅಂಚು ಕೊಟ್ಟ, ಕೊನೆಗೆ ಅದು ಬಾಣವೋ ಬಂಗುಡೆ ಮೀನೋ ಎಂಬ ಹಾಗೆ ಆಯಿತು. ಬೀ ಹಿದಾಯಾ ಬಂದು ನೋಡಿ, “ಎಷ್ಟು ಚೆನ್ನಾಗಿದೆ ಮಾರಾಯಾ, ಕರಿಯೋಣ ಅನ್ಸುತ್ತೆ” ಎಂದಳು. ಒಳಗೆ ನುಗ್ಗುವ ನಾಲ್ಕು ಬಾಯಿಗೂ ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ದಾರಿ ಬಿಡಿ’ ಎಂದು ಬೋರ್ಡು ನಿಲ್ಲಿಸಿದ. ಒಳಗಿರುವವರು ಮೊದಲು ಹೋಗಲಿ, ಹೊರಗಿನವರು ಗೆರೆಯ ಹತ್ತಿರ ಕಾಯಲಿ ಎಂದು ಅದರ ಅರ್ಥ.

ಅರ್ಥ ಎಲ್ಲರಿಗೂ ಆಯಿತು. ಅದೇ ತೊಂದರೆಯಾಯಿತು. ಹೊರಗಿನವನು ಒಳಗಿನವನಿಗೆ ಬೋರ್ಡು ತೋರಿಸಿ, “ಕಣ್ಣು ಕಾಣಲ್ವಾ? ದಾರಿ ಬಿಡಿ ಅಂತ ಬರ್ದಿದೆ!” ಎಂದು ಹಾರನ್ನು ಒತ್ತಿದ. ಒಳಗಿನವನು, “ಬರ್ದಿರೋದು ನಿನಗೆ ಕಣೋ, ಗೂಬೆ!” ಎಂದ. ಟಾಂಗಾದಲ್ಲಿ ಅದುವರೆಗೆ ಸುಮ್ಮನೆ ನುಗ್ಗುತ್ತಿದ್ದವರು ಈಗ ಹಕ್ಕಿನಿಂದ ನುಗ್ಗತೊಡಗಿದರು. ಸೌಮು ಜಗಲಿಯಿಂದ ಎಲ್ಲ ನೋಡಿ, ಒಳಗೆ ಹೋಗಿ, ಮಂಚದ ಕೆಳಗಿದ್ದ ಪ್ರಯಾಣದ ಪೆಟ್ಟಿಗೆಯನ್ನು ಹೊರಗೆಳೆದು ಧೂಳು ಒರೆಸಿದಳು.

ಶಾಲೆ ತೆರೆಯಲು ಹತ್ತು ದಿನ ಉಳಿದಿತ್ತು. ಮಟಮಟ ಮಧ್ಯಾಹ್ನ ಅಜ್ಜ ಕುಂಚ ತೊಳೆಯಲು ಎಣ್ಣೆ ಬೇಕೆಂದು ಸೊಸೆಯ ಕೋಣೆಯ ಪರದೆ ಸರಿಸಿ ಕಾಲಿಟ್ಟ.

“ಅಜ್ಜಾ!” ಒಳಗಿನಿಂದ ಹಫ್ಸಾಳ ಗದರಿಕೆ. “ಹೋಡಿ ಅನ್ನದೆ ಬಂದ್ರಾ? ಹೊರಗೆ ಹೋಗಿ. ಮೊದಲಿಂದ ಬನ್ನಿ.”

ಅಜ್ಜ ಕಾಲು ಹಿಂದಕ್ಕೆಳೆದುಕೊಂಡು ಹೊಸ್ತಿಲ ಆಚೆ ನಿಂತು “ಹೋಡಿ” ಎಂದ, ಒಳಗೆ ಬರಲೇ ಎಂದು ಕೇಳುವ ಮಾತು. ಉತ್ತರವಿಲ್ಲ. ಸೌಮು ನಮಾಜಿನಲ್ಲಿದ್ದಳು, ಮಗು ತಾಯಿಯ ಪರವಾಗಿ ‘ಕರೀಬು’, ಅಂದರೆ ಒಳಗೆ ಬನ್ನಿ, ಎನ್ನಲು ಸಿದ್ಧವಿರಲಿಲ್ಲ. ಅಜ್ಜ ನಿಂತ. ಅಂಗಳದ ಬಿಸಿಲಿಗೆ ನೆತ್ತಿ ಸುಡುತ್ತಿತ್ತು, ಕೈಯಲ್ಲಿದ್ದ ಕುಂಚ ಒಣಗುತ್ತಿತ್ತು, ಆದರೂ ನಿಂತ. ಮೂರು ಹಿಡಿ ಗಾಳಿಗೂ ಹಾರುವ ಪರದೆ ಅದು. ಅದರ ಮೇಲೆ ಯಾವ ಸರಕಾರವೂ ಏನನ್ನೂ ಬರೆಸಿರಲಿಲ್ಲ. ಅರವತ್ತೆಂಟು ವರ್ಷದಲ್ಲಿ ಹೋಡಿ ಎನ್ನದೆ, ಕರೀಬು ಕೇಳದೆ, ಯಾರ ಮನೆಗೂ ತಾನು ನುಗ್ಗಿದವನಲ್ಲ. ಕಿಪಿಲೆಫ್ಟಿಗೆ ಮಾತ್ರ ಎರಡು ಗಂಟೆಯಲ್ಲಿ ನಾಲ್ಕು ಸಲ.

ನಮಾಜು ಮುಗಿಸಿ ಸೌಮು “ಕರೀಬು, ಮಾವಾ” ಎನ್ನುವಷ್ಟರಲ್ಲಿ ಅಜ್ಜ ಅಲ್ಲಿರಲಿಲ್ಲ.

ಆ ಸಂಜೆ ಮತ್ತು ಮಾರನೆಯ ಬೆಳಿಗ್ಗೆ ಸೇರಿ, ‘ದಾರಿ ಬಿಡಿ’ ಬೋರ್ಡುಗಳನ್ನು ಕಿತ್ತು, ನಾಲ್ಕು ಬಾಯಿಯ ಅಡ್ಡಗೆರೆಗಳ ಹಿಂದೆ, ರಸ್ತೆಯ ಮೈಮೇಲೆ, ಆಳುದ್ದದ ಬಿಳಿ ಅಕ್ಷರದಲ್ಲಿ ಒಂದೇ ಮಾತು ಬರೆದ: ‘ಹೋಡಿ?’ ಸೌಮು ಛತ್ರಿ ಹಿಡಿದು ಕಾವಲು ನಿಂತಿದ್ದಳು, ಬಿಸಿಲಿಗೆ ಅರ್ಧ, ಹೂವಿಗೆ ಅರ್ಧ.

“ಹೂವು ಬೇಡ ಮಾವಾ. ನೋಡಕ್ಕೆ ನಿಂತ್ರೆ ಹಿಂದಿನೋನು ಗುದ್ದುತಾನೆ.”

“ಒಂದು ಎಲೆ?”

“ಎಲೇನೂ ಬೇಡ.”

ಅಜ್ಜ ಪಥ್ಯದವನಂತೆ ಉಗುಳು ನುಂಗಿದ.

ಮೊದಲು ಬಂದವನು ಮಂಡಿ ತರಚಿಕೊಂಡಿದ್ದ ಅದೇ ಬೈಕಿನವನು, ಕೊಂಬೊ ಎಂದು ಹೆಸರು. ಗೆರೆಯ ಹತ್ತಿರ ಅಕ್ಷರ ಕಂಡಿತು. ಬ್ರೇಕು ತಾನಾಗಿ ಬಿತ್ತು. “ಹೋಡಿ!” ಎಂದು ಕೂಗಿ, ಹೆಲ್ಮೆಟ್ಟು ಸರಿಮಾಡಿಕೊಂಡು ನಿಂತ. ಒಳಗಿದ್ದ ಲಾರಿ ನೆಮ್ಮದಿಯಾಗಿ ಸುತ್ತಿ ಹೋಯಿತು. ಅಜ್ಜ ಸೊಸೆಯ ಕಡೆ ನೋಡಿದ. ಸೊಸೆ ಛತ್ರಿ ಮಡಿಸಿದಳು.

ಕೊಂಬೊ ಮಾತ್ರ ಅಲುಗಲಿಲ್ಲ. ವೃತ್ತ ಖಾಲಿಯಾಯಿತು, ಅವನು ನಿಂತೇ ಇದ್ದ. ಹಿಂದೆ ಮೂರು ಸೈಕಲ್ಲು, ಒಂದು ಬಸ್ಸು ಬಂದು ನಿಂತವು.

“ಹೋಗೋ!” ಅಜ್ಜ ಕೂಗಿದ.

“ಹೆಂಗೆ ಹೋಗ್ಲಿ ಅಜ್ಜಾ? ಕರೀಬು ಅನ್ನೋರು ಯಾರೂ ಇಲ್ವಲ್ಲ!”

ಅಷ್ಟರಲ್ಲಿ ಉಳಿದ ಮೂರು ಬಾಯಲ್ಲೂ ಜನ ನಿಂತು ಹೋಡಿ, ಹೋಡಿ ಎನ್ನುತ್ತಿದ್ದರು. ಮೂರು ಸಲ ಕೂಗಿಯೂ ಉತ್ತರ ಬರದಿದ್ದರೆ ಮನೆಯವರನ್ನು ಪೀಡಿಸದೆ ಹಿಂದಿರುಗುವುದು ಮರ್ಯಾದೆ. ಮೀನಿನ ಬುಟ್ಟಿ ಕಟ್ಟಿಕೊಂಡಿದ್ದ ಮುದುಕನೊಬ್ಬ ಮೂರು ಸಲ ಕೂಗಿ, “ಆಗ್ಲಿ, ನಾಳೆ ಬರ್ತೀನಿ” ಎಂದು ಸೈಕಲ್ಲು ತಿರುಗಿಸಿ ನಿಜವಾಗಿಯೂ ಹೊರಟುಹೋದ. ಸೌಮು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮದುವೆಯಾಗಿ ಬಂದ ಮೇಲೆ ಅವಳು ಅಷ್ಟು ನಕ್ಕದ್ದನ್ನು ಅಜ್ಜ ಕಂಡಿರಲಿಲ್ಲ.

ಕಡೆಗೆ ಬಾಣಲೆಯ ಹಿಂದಿನಿಂದ ಬೀ ಹಿದಾಯಾ ಜಾಲರಿ ಸೌಟು ಎತ್ತಿ ಎದ್ದಳು. “ಕರೀಬು, ಕೊಂಬೊ! ಒಳಗೆ ಯಾರೂ ಇಲ್ಲ ಅಂದ್ರೆ ಮನೆ ನಿಮ್ಮದೇ ಕಣ್ರೋ, ಬನ್ನಿ! ಒಳಗೆ ಜನ ಇದ್ರೆ ಮಾತ್ರ ಕಾಯ್ಬೇಕು! ಎಡಗಡೆಯಿಂದ ಬನ್ನಿ, ಬಲಗಡೆ ನನ್ನ ಅಡಿಗೆಮನೆ!” ಎರಡು ದಿನ ಹೀಗೆ ಕೂಗಿ ಅವಳ ಗಂಟಲು ಕೂತಿತು, ಮೂರನೆಯ ದಿನಕ್ಕೆ ಊರಿಗೆ ಪಾಠ ಬಂತು. ನಗರಸಭೆಯ ಎಂಜಿನಿಯರು ಬಂದು ನೋಡಿ, ಇಂಥದ್ದು ಯಾವ ಪುಸ್ತಕದಲ್ಲೂ ಇಲ್ಲ ಎಂದು ತಲೆ ಕೆರೆದು, ಮರಗೆಣಸು ತಿಂದು, ಗೆರೆಯ ಹತ್ತಿರ ತಾನೂ ಮೆಲ್ಲಗೆ ಹೋಡಿ ಎಂದು ಹೋದ.

ಸೌಮು ಮಾತ್ರ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿರಲಿಲ್ಲ. ಗಾಡಿ ಗಾಡಿಗೆ ಮರ್ಯಾದೆ ಕೊಡುವುದು ಬೇರೆ. ಮಗು ಗಾಡಿಯಲ್ಲ.

ಶಾಲೆಯ ಮೊದಲ ದಿನ. ಹಸಿರು ಲಂಗ, ಬಿಳಿ ಅಂಗಿ ತೊಟ್ಟ ಹಫ್ಸಾ ದಾಟುವ ಪಟ್ಟೆಯ ಅಂಚಿಗೆ ನಿಂತಳು. ಸೌಮು ಅವಳ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಅಜ್ಜ ಎರಡು ಹೆಜ್ಜೆ ಹಿಂದೆ, ಸೈಕಲ್ಲು ಹಿಡಿದು. ತುಂಬಿದ ಬಸ್ಸೊಂದು ಬರುತ್ತಿತ್ತು. ಹಫ್ಸಾ ಬಸ್ಸನ್ನು ನೋಡಿದಳು, ಪಟ್ಟೆಯನ್ನು ನೋಡಿದಳು. ಯಾರೂ ಹೇಳಿಕೊಡದೆ, ಎದೆ ಉಬ್ಬಿಸಿ ಕೂಗಿದಳು:

“ಹೋಡೀ!”

ಬಸ್ಸು ಕಿರ್ರೆಂದು ನಿಂತಿತು. ಚಾಲಕ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಮದುವೆಮನೆಯ ಯಜಮಾನನಂತೆ ಕೈ ಚಾಚಿದ. “ಕರೀಬು ತಾಯಿ, ಕರೀಬು! ನಿಧಾನವಾಗಿ ಬಾ, ಮನೆ ನಿಂದೇ!” ಬಸ್ಸಿನ ಒಳಗಿನಿಂದಲೂ ಹತ್ತಾರು ಕರೀಬು ಬಂದವು.

ಸೌಮುವಿನ ಬೆರಳು ಒಂದೊಂದಾಗಿ ಬಿಟ್ಟವು. ಮಗು ತಾನೊಂದೇ ದಾಟಿತು. ಆಚೆ ತಲುಪಿ, ತಿರುಗಿ ನೋಡದೆ ಶಾಲೆಯ ಗೇಟಿನ ಕಡೆ ಓಡಿತು.

“ನೀರಿನ ಬಾಟ್ಲಿ!” ಸೌಮು ಕಿರುಚಿದಳು. “ಮಾವಾ, ಮೂರು ಸಲ ಕುದಿಸಿದ್ದು!”

ಅಜ್ಜ ಬಾಟಲಿ ಕಸಿದುಕೊಂಡು ಸೈಕಲ್ಲೇರಿ, ನಲವತ್ತು ವರ್ಷದ ಅಭ್ಯಾಸದಂತೆ ಬಲಕ್ಕೆ ತಿರುಗಿಸಿದ. ಬಸ್ಸಿನವರು, ಬೈಕಿನವರು, ಬಾಣಲೆಯ ಹಿಂದಿನ ಬೀ ಹಿದಾಯಾ, ಎಲ್ಲರೂ ಒಟ್ಟಿಗೆ ಕೂಗಿದರು: “ಹೋಡಿ ಎಲ್ಲಜ್ಜಾ?”

ಎಲೆ ಕಿವಿ ಕೆಂಪಾಗಿ, ಅಜ್ಜ ಇಳಿದು, ಗೆರೆಯ ಹಿಂದೆ ನಿಂತು, ಹೋಡಿ ಎಂದು, ಎಡಕ್ಕೆ ಪೂರ್ತಿ ಸುತ್ತು ಹಾಕಿ ಹೋಗಿ ಬಾಟಲಿ ಕೊಟ್ಟು ಬಂದ. ಬರುವಾಗ ಸೌಮು ಶಾಲೆಯ ಕಡೆಯ ‘ಹೋಡಿ’ಯ ಮುಂದೆ ಬಗ್ಗಿ ಏನನ್ನೋ ನೋಡುತ್ತಿದ್ದಳು.

“ಮಾವಾ, ಈ ದುಂಡಕ್ಷರದ ಹೊಟ್ಟೇಲಿ ಕೆಂಪಗೆ ಏನೋ ಇದೆಯಲ್ಲ?”

“ಬಣ್ಣ ತೊಟ್ಟಿಕ್ಕಿರ್ಬೇಕಮ್ಮಾ.”

“ಐದು ದಳ ಇದಾವೆ.”

“ಐದು ಸಲ ತೊಟ್ಟಿಕ್ಕಿರ್ಬೇಕು.”

ಸೌಮು ಅದನ್ನು ಇನ್ನೊಂದು ಗಳಿಗೆ ನೋಡಿದಳು. ಆಮೇಲೆ ಹಿಂದೆ ಬಸ್ಸೊಂದು ಹೋಡಿ ಎಂದದ್ದು ಕೇಳಿ, “ಕರೀಬು” ಎನ್ನುತ್ತ ಪಕ್ಕಕ್ಕೆ ಸರಿದು, ಪೆಟ್ಟಿಗೆ ಒಳಗೆ ತಳ್ಳುವುದಿದೆ ಎಂದು ಮನೆಯ ಕಡೆ ನಡೆದಳು.