ಶೆಟ್ಟೆವ್ವನ ಮಿಶ್ರಿ ಡಬ್ಬಿ

ಕಟಕೋಳದ ಶೆಟ್ಟೆವ್ವನಿಗೆ ‘ನೀನೂ ಚಟದವಳೇ’ ಎಂದು ಯಾರಾದರೂ ಅಂದಿದ್ದರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದಳು. ಹನ್ನೆರಡು ವರ್ಷದವಳಿದ್ದಾಗ ಹಲ್ಲುನೋವೆಂದು ಅತ್ತಳು. ಅವ್ವ ಒಸಡಿಗೆ ಚಿಟಿಕೆ ಮಿಶ್ರಿ ತಿಕ್ಕಿದಳು. ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಮಾಡಿದ ಪುಡಿ ಅದು. ಅಂದಿನಿಂದ ನಲವತ್ತು ವರ್ಷ, ದಿನಕ್ಕೆ ಐದಾರು ಸಲ ಶೆಟ್ಟೆವ್ವ ಹಲ್ಲು ತಿಕ್ಕುತ್ತಲೇ ಇದ್ದಳು. ಅದು ಚಟವೇ? ಓಣಿಯ ಹೆಂಗಸರೆಲ್ಲ ಮಾಡುವುದಲ್ಲವೇ! ಚಟವೆಂದರೆ ಗೌಂಡಿ ಕೆಲಸದ ಗಂಡ ಲಗಮಣ್ಣನ ಕುಡಿತ. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಕಾಣುವುದು ಹೀಗೆಯೇ.

ಹಾಗೆಂದು ಲಗಮಣ್ಣನದು ಬರೀ ನೊಣವಲ್ಲ. ಇನ್ನು ಕುಡಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಸ್ಕ್ಯಾನಿಂಗ್ ನೋಡಿ ಹೇಳಿದ್ದರು. ಶೆಟ್ಟೆವ್ವ ಅವನನ್ನು ಮುರಗೋಡದ ಮಠಕ್ಕೆ ಎಳೆದೊಯ್ದಳು.

“ಗಟ್ಟಿ ಮನಸ್ಸ ಮಾಡಿದ್ರ ಬಿಡಾಕ ಬರೂದಿಲ್ಲೇನ್ರಿ?” ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳದು ಅದೇ ಮಾತು.

ಲಗಮಣ್ಣ ಗದ್ದುಗೆ ಮುಟ್ಟಿ ಆಣೆ ಮಾಡಿದ. ಅಲ್ಲಿದ್ದ ಹಿರಿಯರೊಬ್ಬರು ಇವಳತ್ತ ತಿರುಗಿ, “ನೀ ಏನ ಬಿಡ್ತಿ ತಂಗಿ? ಜೋಡಿ ಇದ್ರ ಅವಂಗ ಧೈರ್ಯ,” ಎಂದರು.

“ಮಿಶ್ರಿ ಬಿಡ್ತೇನ್ರಿ ಅಜ್ಜಾರ. ಅದೇನ ದೊಡ್ಡ ಮಾತ!”

ಎರಡನೆಯ ದಿನಕ್ಕೆ ತಲೆ ಸಿಡಿಯತೊಡಗಿತು. ನಾಲ್ಕನೆಯ ದಿನ ಹೊಟ್ಟೆ ಕಟ್ಟಿತು, ರೊಟ್ಟಿ ಸೀದವು, ಕಂಡಕಂಡವರ ಮೇಲೆ ಹರಿಹಾಯ್ದಳು. ಲಗಮಣ್ಣ ಮಾತ್ರ ನಡುಗುವ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೇ ಇದ್ದ, ಪಾಪ.

ಒಂಬತ್ತನೆಯ ದಿನ ಮಧ್ಯಾಹ್ನ, ಗಂಡ ಮಲಗಿದ್ದಾನೆಂದು ತಿಳಿದು ಹಿತ್ತಿಲಲ್ಲಿ ತಂಬಾಕು ಹುರಿದಳು. ಆ ಘಾಟು ಮುಚ್ಚಿಡಲು ಬರುತ್ತದೆಯೇ? ಬಾಯಿ ತುಂಬ ಮಿಶ್ರಿ ಇಟ್ಟುಕೊಂಡು ತಲೆ ಎತ್ತಿದರೆ ಬಾಗಿಲಲ್ಲಿ ಲಗಮಣ್ಣ.

ಬೈಯಲಿಲ್ಲ. “ನಿನಗೂ ಆಗಲಿಲ್ಲಲ್ಲ ಶೆಟ್ಟೆವ್ವಾ,” ಎಂದ. ಅಂಗಿ ತೊಟ್ಟು ಚಪ್ಪಲಿ ಮೆಟ್ಟಿದ.

ಎಲ್ಲಿಗೆ ಹೊರಟನೆಂದು ಅವಳಿಗೆ ಗೊತ್ತಿತ್ತು. ಕೂಗಬೇಕೆಂದರೆ ಮೊದಲು ಉಗುಳಬೇಕು. ಒಂಬತ್ತು ದಿನದ ಮೇಲೆ ಸಿಕ್ಕಿದ್ದು, ಇನ್ನೊಂದು ಗಳಿಗೆ ಇರಲಿ ಅನ್ನಿಸಿತು. ಅಷ್ಟರಲ್ಲಿ ಅವನು ಓಣಿ ದಾಟಿದ್ದ.

ಎರಡು ತಿಂಗಳಲ್ಲಿ ಲಗಮಣ್ಣ ತೀರಿಕೊಂಡ. ಈಗ ಓಣಿಯ ರೇಣು, ಕುಡುಕನನ್ನು ಕಟ್ಟಿಕೊಂಡವಳು, ಬಂದು ಅಳುತ್ತಾಳೆ: “ಮನಸ್ಸ ಮಾಡಿದ್ರ ಬಿಡಾಕ ಬರೂದಿಲ್ಲೇನ ದೊಡ್ಡವ್ವಾ?”

ಶೆಟ್ಟೆವ್ವ ಮೊದಲು ಎದ್ದು ಹೋಗಿ ಉಗುಳಿ ಬರುತ್ತಾಳೆ. “ಬೈಬ್ಯಾಡ ಮಗಳ. ಅವನ ಸಂಗಾಟ ಕುಂದರ. ಅಂವ ಎದ್ದು ಹೊಂಟ್ರ ಒದರಿ ಕರಿ,” ಅನ್ನುತ್ತಾಳೆ.

ರೇಣು ಹೋದ ಮೇಲೆ ಕೈ ಮತ್ತೆ ಡಬ್ಬಿಗೆ ಹೋಗುತ್ತದೆ.