ಟ್ರೈಲರಿಗೆ ಎದ್ದು ನಿಲ್ಲುತ್ತಿದ್ದ ಮಾವ

ಹೋದ ತಿಂಗಳು ಮೊಮ್ಮಗಳು ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಿಚ್ಚುತ್ತಿದ್ದ ಪಂಪಿನ ಮೋಟಾರನ್ನು ಹಾಗೇ ಬಿಟ್ಟು ಕೂತೆ. ಸಿನಿಮಾ ರೀಲು ತುಂಡಾದರೆ ಅಂಟಿಸಲು ನಾವು ಬಳಸುತ್ತಿದ್ದ, ಸಿಮೆಂಟ್ ಅಂತ ಕರೆಯುತ್ತಿದ್ದ ಅಂಟಿಗೂ ಹೆಚ್ಚುಕಡಿಮೆ ಇದೇ ವಾಸನೆ. ಇಷ್ಟೇ ಸಣ್ಣ ಸೀಸೆ, ಮುಚ್ಚಳಕ್ಕೆ ಸೇರಿದ ಕುಂಚ...

ಎಪ್ಪತ್ತರ ದಶಕದಲ್ಲಿ, ಹಿರಿಯೂರಿಗೆ ಬಂದು ಈ ಅಂಗಡಿ ಹಾಕುವ ಮೊದಲು, ನಾನು ಹೊಸದುರ್ಗದ ಒಂದು ಟೆಂಟ್ ಸಿನಿಮಾದಲ್ಲಿ ಆಪರೇಟರ್ ಆಗಿದ್ದೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆದರೆ ಮೆಷಿನ್ ನನ್ನ ಕೈಯಲ್ಲಿದ್ದಷ್ಟು ದಿನ ನನ್ನ ತಪ್ಪಿನಿಂದ ಒಂದು ಶೋ ನಿಂತಿಲ್ಲ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ನನಗೆ ನಾನೇ ಹಾಕಿಕೊಂಡಿದ್ದ ಎರಡು ಕಟ್ಟುಪಾಡುಗಳಿದ್ದವು. ಹರಿದ ಜಾಗ ಬಿಟ್ಟು ಬೇರೆ ಕಡೆ ರೀಲಿಗೆ ಕತ್ತರಿ ಹಾಕಬಾರದು. ಬರಲಿರುವ ಸಿನಿಮಾದ ಕತೆಯನ್ನು ಯಾರಿಗೂ ಹೇಳಬಾರದು.

ನೆಲದ ಕ್ಲಾಸಿನಲ್ಲಿ, ಪರದೆಗೆ ತೀರಾ ಹತ್ತಿರ, ಮಾಡದಕೆರೆಯ ಒಬ್ಬರು ಕೂರುತ್ತಿದ್ದರು. ಕುರಿ ಕಾಯ್ದು, ಕಂಬಳಿ ನೇಯ್ದು, ಸಂತೆಯಲ್ಲಿ ಮಾರುವವರು. ನಮಗೂ ಅವರಿಗೂ ನೆಂಟಸ್ತಿಕೆ ಏನಿಲ್ಲ. ನಾನು ಮಾವ ಅನ್ನುತ್ತಿದ್ದೆ, ಅವರು ಅಳಿಯ ಅನ್ನುತ್ತಿದ್ದರು. ಸಿನಿಮಾಕ್ಕಿಂತ ಅವರಿಗೆ ಟ್ರೈಲರೇ ದೊಡ್ಡದು. ಇಂಟರ್ವಲ್ ಆಗಿ ಟ್ರೈಲರ್ ಶುರುವಾಯಿತು ಅಂದರೆ ಹೆಗಲ ಮೇಲಿನ ಕಂಬಳಿ ಕೆಳಗೆ, ಮಾವ ಮೇಲಕ್ಕೆ.

"ಲೇ, ಹಿಂದಕ್ಕೆ ನೋಡಲೇ! ಮಚ್ಚು ಹಿಡ್ಕಂಡು ಬತ್ತಾವ್ನೆ!"

"ಕುಂತ್ಕಳ್ರಿ ಮಾವ, ಪರದೆ ಕಾಣಲ್ಲ" ಎಂದು ಹಿಂದಿನವರು ಕೂಗುತ್ತಿದ್ದರು.

"ನಾನು ನೋಡಿ ಹೇಳ್ತೀನಿ, ನೀವು ಕೇಳ್ಕಳ್ರಿ!"

ಮೂರು ನಿಮಿಷದ ತುಂಡುಗಳಿಂದ ಅವರು ಇಡೀ ಕತೆ ಹೆಣೆದುಬಿಡುತ್ತಿದ್ದರು. ಯಾರು ಯಾರ ಮಗ, ಯಾವ ತಂಗಿ ಕಳೆದುಹೋಗುತ್ತಾಳೆ... ಅರ್ಧ ತಪ್ಪಾಗಿರುತ್ತಿತ್ತು. ಆದರೂ ಜನ ಅವರ ಸುತ್ತ ಕೂತು ಕೇಳುತ್ತಿದ್ದರು. ಟೆಂಟಿನ ಸಾಹುಕಾರರಂತೂ ಟ್ರೈಲರ್ ಬಂದಾಗ ಪರದೆ ನೋಡುತ್ತಿರಲಿಲ್ಲ, ಮಾವನನ್ನು ನೋಡುತ್ತಿದ್ದರು. "ಅವ್ನು ಎದ್ದು ಕೂಗಿದ್ರೆ ಸಿನಿಮಾ ಓಡ್ತೈತೆ ಕಣಲೇ" ಅನ್ನುತ್ತಿದ್ದರು.

ಒಂದು ಸಲ ಅವರ ಮೆಚ್ಚಿನ ಹೀರೋನ ಹೊಸ ಸಿನಿಮಾದ ಟ್ರೈಲರ್ ಹದಿನೈದು ದಿನ ಮೊದಲೇ ಬಂತು. ಅದರ ಕೊನೆಯಲ್ಲಿ ಹೀರೋ ಎದೆಗೆ ಗುಂಡು ತಗುಲಿ, ಬಂಡೆಯ ಮೇಲಿಂದ ಹೊಳೆಗೆ ಉರುಳುತ್ತಾನೆ. ಆಮೇಲೆ ಬರೀ ನೀರು. ಮೇಲೆ 'ಅತಿ ಶೀಘ್ರದಲ್ಲಿ' ಎಂಬ ಅಕ್ಷರ. ಎದ್ದು ನಿಂತಿದ್ದ ಮಾವ ಕೂಗಲಿಲ್ಲ. ಮೆಲ್ಲಗೆ ಕೂತರು. ಅವತ್ತು ಕತೆ ಹೇಳು ಅಂದವರಿಗೂ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ನಾನು ಮೆಷಿನ್ ಒರೆಸುತ್ತಿದ್ದಾಗ ಬಂದರು. ಅವರ ಹೆಂಡತಿಗೆ ಹೊಟ್ಟೆಯಲ್ಲಿ ಗೆಡ್ಡೆ, ದುರ್ಗದ ಜಿಲ್ಲಾ ಆಸ್ಪತ್ರೆಗೆ ಸೇರಿಸಿದ್ದಾರೆ ಎಂಬುದು ನನಗೆ ಆಗಲೇ ಗೊತ್ತಾದದ್ದು. ರಕ್ತ ಕಮ್ಮಿ ಇದ್ದುದರಿಂದ ಹತ್ತು ಹದಿನೈದು ದಿನ ಔಷಧಿ ಕೊಟ್ಟು ಆಮೇಲೆ ಕೊಯ್ಯಬೇಕು. ಅದಕ್ಕೆ ಗಂಡ ಬಂದು ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು.

"ಅಳಿಯ, ಅವ್ನು ಸಾಯ್ತಾನಾ, ಬದುಕ್ತಾನಾ?"

"ಅದು ಸಿನಿಮಾ ಮಾವ."

"ಬರೀ ಸಿನಿಮಾ ಆದ್ರೆ ಹೇಳಾಕೆ ನಿಂಗೇನು ಕಷ್ಟ?" ಅಂದರು. ಆಮೇಲೆ ಕೆಳಗೆ ನೋಡುತ್ತ, "ಅವ್ನು ಬದುಕಿದ್ರೆ ಒತ್ತುತೀನಿ ಅಂತ ಮನಸಿನಾಗೆ ಅಂದ್ಕಂಡ್ಬಿಟ್ಟೀನಿ. ಇನ್ನು ತಿರುಗ್ಸಾಕೆ ಆಗಲ್ಲ" ಅಂದರು.

ನಗಲು ಬಾಯಿ ತೆರೆದವನು ಅವರ ಮುಖ ನೋಡಿ ಮುಚ್ಚಿದೆ.

ಆ ಸಿನಿಮಾ ಹಾಕುವ ಹಿಂದಿನ ದಿನ, ಗುರುವಾರ, ರೀಲಿನ ಡಬ್ಬ ತರಲು ದುರ್ಗಕ್ಕೆ ಹೋದೆ. ಅಲ್ಲಿನ ಥಿಯೇಟರಿನ ಆಪರೇಟರ್ ಡಬ್ಬ ಎತ್ತಿ ಕೊಡುತ್ತ, "ಕೊನೇ ರೀಲಿಗೆ ಟವೆಲ್ ಇಟ್ಕಳಪ್ಪ, ಹೀರೋ ಹೋಗ್ಬಿಡ್ತಾನೆ" ಎಂದು ನಕ್ಕ. ಬಸ್ಸಿಗೆ ಇನ್ನೂ ಹೊತ್ತಿತ್ತು, ಆಸ್ಪತ್ರೆಗೆ ಹೋದೆ. ಮಾವನ ಹೆಂಡತಿ ಅಂದರೆ ನನಗೆ ಅತ್ತೆ. ಅವರು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಅವರ ತಂಗಿ.

"ಏನಪ್ಪ, ನಿಮ್ ಮಾವನ ಹೀರೋ ಬಂದ್ನಾ?" ಅಂದರು. "ಶನಿವಾರಕ್ಕಿಂತ ತಡ ಮಾಡಿದ್ರೆ ಕೈ ಮೀರ್ತೈತೆ ಅಂತ ಡಾಕ್ಟ್ರು ಹೇಳವ್ರೆ. ಶುಕ್ರವಾರ ಸಿನಿಮಾ ನೋಡ್ಕಂಡು ಬತ್ತೀನಿ ಅಂತ ಇವ್ರು ಹೇಳಿ ಕಳ್ಸವ್ರೆ. ನನ್ನ ಹೊಟ್ಟೆ ಕೊಯ್ಯಾಕೂ ಟಿಕೀಟು ತಗೋಬೇಕು ನೋಡು!"

ತಂಗಿ ನಕ್ಕಳು. ಅತ್ತೆಯೂ ನಕ್ಕರು. ಆದರೆ ಅವರ ಒಂದು ಕೈ ಮಂಚದ ಕಬ್ಬಿಣದ ಪಟ್ಟಿಯನ್ನು ಹಿಡಿದದ್ದು ನಾನು ಎದ್ದು ಬರುವವರೆಗೂ ಸಡಿಲವಾಗಲಿಲ್ಲ.

ಶುಕ್ರವಾರ ಬಿಸಿಲಿಗೆ ಕೊನೆಯ ರೀಲು ಬಿಚ್ಚಿ, ಬೆಳಕಿಗೆ ಹಿಡಿದು ಒಂದೊಂದೇ ಚಿತ್ರ ನೋಡಿದೆ. ಹೊಳೆಯಿಂದ ಎತ್ತಿ ತಂದ ಹೀರೋ ತಾಯಿಯ ತೊಡೆಯ ಮೇಲೆ ಕಣ್ಣು ಬಿಡುತ್ತಾನೆ, ನಗುತ್ತಾನೆ. ಆಮೇಲೆ ನಾಲ್ಕು ಮಾತಾಡಿ ಸಾಯುತ್ತಾನೆ. ನಕ್ಕ ಜಾಗಕ್ಕೆ ಕತ್ತರಿ ಹಾಕಿದೆ. ಅದಕ್ಕೇ 'ಶುಭಂ' ಅಂಟಿಸಿದೆ. ಸಿಮೆಂಟ್ ಒಣಗುವವರೆಗೆ ಬೆರಳಿನಿಂದ ಒತ್ತಿ ಹಿಡಿದೆ. ಹರಿಯದ ಜಾಗಕ್ಕೆ ನಾನು ಕತ್ತರಿ ಹಾಕಿದ್ದು ಅದೊಂದೇ ದಿನ.

ಮೊದಲನೇ ಆಟ. ಕ್ಯಾಬಿನ್ನಿನ ಕಿಂಡಿಯಿಂದ ನಾನು ನೋಡಿದ್ದು ಮಾವನ ಬೆನ್ನನ್ನು ಮಾತ್ರ. ಗುಂಡು ಬಿತ್ತು, ಹೀರೋ ಉರುಳಿದ... ಬೆನ್ನು ಅಲ್ಲಾಡಲಿಲ್ಲ. ತಾಯಿಯ ತೊಡೆ. ಕಣ್ಣು ಬಿಟ್ಟ, ನಕ್ಕ. ಶುಭಂ. ಮಾವ ಎದ್ದು ನಿಂತು ಎರಡೂ ಕೈ ಮೇಲೆತ್ತಿ, "ಬದುಕಿದಾ! ನನ್ನಪ್ಪ ಬದುಕಿದಾ!" ಎಂದು ಕೂಗಿದರು. ಟೆಂಟಿಗೆ ಟೆಂಟೇ ಶಿಳ್ಳೆ ಹೊಡೆಯಿತು. ಸಾಹುಕಾರರು ಓಡಿ ಬಂದು, "ಯಾಕಲೇ ಇಷ್ಟು ಬೇಗ ಮುಗೀತು?" ಅಂದರು. ರೀಲು ಹರಿದಿತ್ತು ಅಂದೆ. ಅವರಿಗೆ ನಾನು ಹೇಳಿದ ಮೊದಲ ಸುಳ್ಳು ಅದು.

ಬೆಳಗಿನ ಮೊದಲ ಬಸ್ಸಿಗೆ ಮಾವ ದುರ್ಗಕ್ಕೆ ಹೋಗಿ ಹೆಬ್ಬೆಟ್ಟು ಒತ್ತಿದರು. ನಾನು ಅದೇ ಬೆಳಿಗ್ಗೆ ಕತ್ತರಿಸಿದ್ದನ್ನು ಮತ್ತೆ ಜೋಡಿಸಿದೆ. ಮುರಿದ ಕಟ್ಟುಪಾಡು ಸರಿಮಾಡಿದೆ ಅಂದುಕೊಂಡೆ. ಎಂಥ ದಡ್ಡತನ! ಶನಿವಾರದಿಂದ ಹೀರೋ ಸಾಯತೊಡಗಿದ. ಅವರ ಊರಿನವರೂ ಬಂದು ನೋಡಿದರು, ಅತ್ತರು, ಊರಿಗೆ ಹೋಗಿ ಹೇಳಿದರು.

ಆಪರೇಷನ್ ಆಗಿ ಅತ್ತೆ ಬದುಕುಳಿದರು. ಗಂಡ ಹೆಂಡತಿ ಊರಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಮಾವ ಟೆಂಟಿಗೆ ಬಂದರು. ಕೂರಲಿಲ್ಲ.

"ಕತ್ತರಿಸಿದ್ದು ನೀನಾ?"

"ಹೂಂ ಮಾವ."

"ಅವ್ಳು ಹೋಗ್ಬಿಟ್ಟಿದ್ರೆ? ಒತ್ತಿದ್ದು ನಾನು ಅಂದ್ಕಂಡಿದ್ದೆ. ಒತ್ಸಿದ್ದು ನೀನು."

"ಬದುಕಿದ್ದಾರಲ್ಲ ಮಾವ..."

"ಬದುಕವ್ಳೆ. ಅದಕ್ಕೇ ನಿನ್ ಮ್ಯಾಲೆ ಕೈ ಎತ್ತಿಲ್ಲ."

ಆಮೇಲೂ ಅವರು ಸಿನಿಮಾಕ್ಕೆ ಬರುವುದು ಬಿಡಲಿಲ್ಲ. ಆದರೆ ಟ್ರೈಲರ್ ಶುರುವಾದರೆ ಎದ್ದು ನಿಲ್ಲುತ್ತಿರಲಿಲ್ಲ, ಕೂತಲ್ಲೇ ಹಿಂದಕ್ಕೆ ತಿರುಗಿ ನನ್ನ ಕಿಂಡಿಯನ್ನು ನೋಡುತ್ತಿದ್ದರು. ಪರದೆಯ ಮೇಲೆ ಕತ್ತಿ, ಕುದುರೆ, ಬೆಂಕಿ ಏನಿದ್ದರೂ ಸರಿ, ಮಾವ ಬೆಳಕು ಹೊರಡುವ ಕಡೆಗೇ ನೋಡುತ್ತಿದ್ದರು. ಕತೆ ಕೇಳಲು ಅವರ ಸುತ್ತ ಕೂರುತ್ತಿದ್ದ ಜನ ಒಬ್ಬೊಬ್ಬರಾಗಿ ದೂರ ಸರಿದರು...

ಉಗುರುಬಣ್ಣದ ವಾಸನೆ ಬಂದ ಮಾರನೇ ವಾರ ಮಾಡದಕೆರೆಗೆ ಹೋದೆ. ಇಷ್ಟು ವರ್ಷ ಯಾಕೆ ಹೋಗಲಿಲ್ಲ ಅಂದರೆ ಬೇರೆ ಕಾರಣವಿಲ್ಲ, ಬಿಗುಮಾನ. ಬಾಗಿಲಲ್ಲಿ ಅತ್ತೆ ಇದ್ದರು. ಬೆನ್ನು ಬಾಗಿದೆ, ದನಿ ಹಾಗೇ ಇದೆ. ಮಾವ ಹೋಗಿ ಒಂಬತ್ತು ತಿಂಗಳಾಯಿತು ಅಂದರು.

"ನೀನು ಮಾಡಿದ್ದು ನಂಗೆ ಹೇಳಿದ್ರು ಕಣಪ್ಪ. ನಾನು ಬಿದ್ದು ಬಿದ್ದು ನಕ್ಕೆ. ಅವ್ರು ನಗ್ಲಿಲ್ಲ. ನಂಗೆ ಒಂದು ಕೆಮ್ಮು ಬಂದ್ರೂ ಎದ್ದು ಕುಂತ್ಕಂಡು ನೋಡಾರು, ಸಾಯಾ ತನಕಾನೂ" ಅಂದರು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತೊಂದಿತ್ತು. ಕೇಳಿಸಿಕೊಳ್ಳಬೇಕಾದವರು ಇರಲಿಲ್ಲ. ಅತ್ತೆಯ ಮುಂದೆ ತಪ್ಪಾಯಿತು ಅಂದರೆ, ಅವರು ಬದುಕಿದ್ದೇ ತಪ್ಪು ಅಂದ ಹಾಗಾಗುತ್ತಿತ್ತು. ಅವರು ಮುದ್ದೆ ತಂದಿಟ್ಟರು. ಉಂಡು ಬಂದೆ.