ಏಳು ದಿನ ಮುಚ್ಚಿಟ್ಟ ಜಾಹೀರಾತು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ಮುಂದೆ ಬರುವುದನ್ನು ಓದಿ ನನ್ನನ್ನು ಸಮಾಜಸೇವಕಿ ಎಂದುಕೊಳ್ಳುವವರು ಇರುತ್ತಾರೆ. ಚಿಕ್ಕವಳಿದ್ದಾಗ ತರಗತಿಯಲ್ಲಿ ಯಾರಿಗಾದರೂ ನನಗಿಂತ ಒಂದು ಅಂಕ ಹೆಚ್ಚು ಬಂದರೆ ಅವತ್ತು ನನಗೆ ಊಟ ಸೇರುತ್ತಿರಲಿಲ್ಲ. "ನಿನ್ನ ಹೊಟ್ಟೆಯೊಳಗೇ ಒಲೆ ಇದೆ ಕಣೇ, ಸೌದೆ ಖರ್ಚಿಲ್ಲ" ಎಂದು ಅಮ್ಮ ರೇಗಿಸುತ್ತಿದ್ದಳು. ಮೈಸೂರು ಬಿಟ್ಟು ಇಂಗ್ಲೆಂಡಿಗೆ ಬಂದು ಆರು ವರ್ಷವಾಯಿತು. ಇಲ್ಲಿಯ ಚಳಿಗೂ ಆ ಒಲೆ ಆರಿಲ್ಲ.

ನನ್ನ ಕಸುಬು ಹೊಳೆಗಳದ್ದು. ನಾಟಿಂಗ್‌ಹ್ಯಾಮ್‌ನಲ್ಲಿ ಓದು ಮುಗಿಸಿ, ಪಕ್ಕದ ಬೀಸ್ಟನ್‌ನಲ್ಲಿ ಒಂದು ರೂಮು ಹಿಡಿದು, ಪರಿಸರ ಸಲಹೆ ಕೊಡುವ ಒಂದು ಕಂಪನಿಯಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಕೆಲಸ ಮಾಡುತ್ತಿದ್ದೆ. ಎದೆಯವರೆಗೆ ಬರುವ ರಬ್ಬರ್ ಪ್ಯಾಂಟು ತೊಟ್ಟು ಹೊಳೆಗೆ ಇಳಿಯಬೇಕು, ಮೂರು ನಿಮಿಷ ಕಾಲಿನಿಂದ ತಳ ಕೆದಕಬೇಕು, ಎದ್ದುಬಂದ ಹುಳಗಳನ್ನು ಬಲೆಯಲ್ಲಿ ಹಿಡಿದು ತಂದು ಲ್ಯಾಬಿನಲ್ಲಿ ಕೂತು ಎಣಿಸಬೇಕು. ಯಾವ ಹುಳ ಇದೆ, ಯಾವುದು ಇಲ್ಲ ಎನ್ನುವುದರಿಂದ ನೀರಿನ ಆರೋಗ್ಯ ತಿಳಿಯುತ್ತದೆ. ನಾನು ಹೊಳೆಯ ನಡುವೆ ಬಲೆ ಹಿಡಿದು ನಿಂತಿದ್ದರೂ, ದಡದಲ್ಲಿ ನಾಯಿ ಹಿಡಿದುಕೊಂಡು ಬಂದ ಹೆಂಗಸರು "ದಾರಿ ತಪ್ಪಿತೇನಮ್ಮಾ?" ಎಂದು ಕೇಳುತ್ತಿದ್ದರು. ನನ್ನ ಬಿಳಿ ಸಹೋದ್ಯೋಗಿಯನ್ನು ಅದೇ ಹೆಂಗಸರು "ನೀರು ಹೇಗಿದೆ?" ಎಂದು ಕೇಳುತ್ತಿದ್ದರು. ಅವನಿಗೆ ನಾನೇ ಹುಳ ಗುರುತಿಸುವುದನ್ನು ಕಲಿಸಿದ್ದು.

ಈ ಕಸುಬಿನಲ್ಲಿ ನಮ್ಮ ಮೈಬಣ್ಣದವರು ಕಡಿಮೆ. ಮೀಟಿಂಗಿಗೆ ಹೋದರೆ ಕಣ್ಣು ತಾನಾಗಿ ಸಾಲುಗಳ ಮೇಲೆ ಓಡುತ್ತದೆ, ಇನ್ನೊಂದು ಕಪ್ಪು ತಲೆ ಇದೆಯೇ ಎಂದು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಕೆಲಸ ಖಾಲಿ ಇರುವ ಸುದ್ದಿ ಹೊರಗೆ ಬೀಳುವ ಹೊತ್ತಿಗೆ ಅದು ಪಬ್ಬಿನಲ್ಲಿ ಹಳೆಯದಾಗಿರುತ್ತದೆ. ಜಾಹೀರಾತು ಬಂದರೂ ಯಾವುದೋ ಸಣ್ಣ ಸಂಸ್ಥೆಯ ವೆಬ್‌ಸೈಟಿನ ಮೂಲೆಯಲ್ಲಿ ಬರುತ್ತದೆ. ಒಳಗಿನವರಿಗೆ ಯಾವ ಮೂಲೆ ಎಂದು ಗೊತ್ತು, ನಮಗೆ ಗೊತ್ತಿಲ್ಲ. ಈ ಸಿಟ್ಟಿನಲ್ಲೇ ನಾನು ಒಂದು ಗುಂಪು ಕಟ್ಟಿದೆ. ಲೆಸ್ಟರ್‌ನ ಒಂದು ದೋಸೆ ಹೋಟೆಲಿನಲ್ಲಿ ಮೊದಲ ಸಲ ಸೇರಿದಾಗ ನಾವು ಐದೇ ಜನ: ಬರ್ಮಿಂಗ್‌ಹ್ಯಾಮ್‌ನಲ್ಲಿ ಗಾಳಿ ಅಳೆಯುವ ನೈಜೀರಿಯ ಮೂಲದವನೊಬ್ಬ, ಲೀಡ್ಸ್‌ನಲ್ಲಿ ಮಣ್ಣು ಪರೀಕ್ಷೆ ಮಾಡುವ ಪಾಕಿಸ್ತಾನಿ ಮೂಲದವಳೊಬ್ಬಳು, ಮ್ಯಾಂಚೆಸ್ಟರ್‌ನ ಇಬ್ಬರು ವಿದ್ಯಾರ್ಥಿಗಳು, ಮತ್ತು ನಾನು. ತಿಂಗಳಿಗೊಂದು ಶನಿವಾರ ಬೆಟ್ಟಬಯಲಿನಲ್ಲಿ ಒಟ್ಟಿಗೆ ನಡೆಯುವುದು, ಒಬ್ಬರ ಅರ್ಜಿಯನ್ನು ಇನ್ನೊಬ್ಬರು ಓದುವುದು ಎಂದು ಮಾತಾಯಿತು. ಅವತ್ತು ನಾನೇ ಒಂದು ನಿಯಮ ಮಾಡಿದೆ. ಯಾರ ಕಣ್ಣಿಗೆ ಯಾವ ಕೆಲಸದ ಜಾಹೀರಾತು ಬಿದ್ದರೂ ಅದೇ ದಿನ ಗುಂಪಿಗೆ ಹಾಕಬೇಕು. ತಾವೇ ಅರ್ಜಿ ಹಾಕುವವರಿದ್ದರೂ ಸರಿಯೇ, ಹಾಕಲೇಬೇಕು. ನಮಗೆ ಅವರು ಮಾಡುವುದನ್ನು ನಾವು ನಮ್ಮವರಿಗೆ ಮಾಡಬಾರದು ಎಂದು ಸಾಂಬಾರಿನ ಬಟ್ಟಲು ಕುಟ್ಟಿ ಹೇಳಿದ್ದೆ. ಎಲ್ಲರೂ ತಲೆದೂಗಿದರು.

ಮುಂದಿನ ವರ್ಷ ಅವಳು ಬಂದಳು.

ಶೆಫೀಲ್ಡ್‌ನಲ್ಲಿ ಒಂದು ವಿಚಾರ ಸಂಕಿರಣದ ಕಾಫಿ ಮೇಜಿನ ಹತ್ತಿರ, ಬಿಸ್ಕತ್ತಿನ ತಟ್ಟೆ ಹಿಡಿದುಕೊಂಡು ಯಾರ ಜೊತೆ ಮಾತಾಡುವುದೆಂದು ತಿಳಿಯದೆ ನಿಂತಿದ್ದಳು. ಫೋನು ಬಂತು, ತುಳುವಿನಲ್ಲಿ ಮಾತಾಡಿದಳು. ಮುಗಿಯುವುದನ್ನೇ ಕಾದು "ಮಂಗಳೂರಾ?" ಎಂದೆ. "ಉಡುಪಿ ಹತ್ರ. ಅಯ್ಯೋ ದೇವ್ರೇ, ನೀವು ಕನ್ನಡದವ್ರಾ?" ಎಂದು ನನ್ನ ಕೈ ಹಿಡಿದುಕೊಂಡಳು, ಬಿಡಲೇ ಇಲ್ಲ. ಅವತ್ತಿನಿಂದ ನಾನು ಅವಳಿಗೆ ಅಕ್ಕ. ಹೊಳೆ ಕಡಲು ಸೇರುವ ಅಳಿವೆಗಳ ಮೇಲೆ ಓದಲು ಬಂದವಳು, ಶೆಫೀಲ್ಡ್‌ನ ಬ್ರೂಮ್‌ಹಿಲ್‌ನಲ್ಲಿ ನಾಲ್ವರ ಜೊತೆ ಒಂದು ಮನೆಯಲ್ಲಿದ್ದಳು. ಅವಳನ್ನು ಗುಂಪಿಗೆ ಸೇರಿಸಿದೆ. ಸಣ್ಣ ಅಳತೆಯ ರಬ್ಬರ್ ಪ್ಯಾಂಟು ಎಲ್ಲಿ ಸಿಗುತ್ತದೆ ಎನ್ನುವುದರಿಂದ ಹಿಡಿದು, ಇಂಟರ್‌ವ್ಯೂನಲ್ಲಿ "ನಾವು ಮಾಡಿದೆವು" ಎನ್ನದೆ "ನಾನು ಮಾಡಿದೆ" ಎನ್ನಬೇಕು ಎನ್ನುವವರೆಗೆ ಎಲ್ಲ ಹೇಳಿಕೊಟ್ಟೆ. ಅದೊಂದು ಅವಳಿಗೆ ಕೊನೆಗೂ ಬರಲಿಲ್ಲ. "ನಾನು ನಾನು ಅಂತ ಹೇಳ್ಲಿಕ್ಕೆ ನಾಚಿಕೆ ಆಗ್ತದೆ ಅಕ್ಕಾ" ಎನ್ನುತ್ತಿದ್ದಳು.

ನಾಚಿಕೆಯ ಹುಡುಗಿ ಆರು ತಿಂಗಳಲ್ಲಿ ಗುಂಪನ್ನೇ ತನ್ನದು ಮಾಡಿಕೊಂಡಳು. ಬೇಕೆಂದು ಮಾಡಿದ್ದಲ್ಲ, ಅದೇ ನನಗೆ ಉರಿ. ನಡೆಯಲು ಬರುವಾಗ ಡಬ್ಬಿ ತುಂಬ ಗೋಳಿಬಜೆ ಕರಿದು ತರುತ್ತಿದ್ದಳು. ಯಾರ ತಾಯಿಗೆ ಮಂಡಿನೋವು, ಯಾರ ವೀಸಾ ಯಾವಾಗ ಮುಗಿಯುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಐದು ಜನ ಇಪ್ಪತ್ತಾದೆವು, ಹೊಸದಾಗಿ ಬಂದವರಲ್ಲಿ ಮುಕ್ಕಾಲು ಪಾಲು ಅವಳ ಹಿಂದೆ ಬಂದವರು. ಗುಂಪಿನ ಬಗ್ಗೆ ಮಾತಾಡಲು ಮ್ಯಾಂಚೆಸ್ಟರ್‌ನ ಒಂದು ಸಂಸ್ಥೆಯಿಂದ ಕರೆ ಬಂದಾಗ ಅವರು ಬರೆದದ್ದು ಅವಳಿಗೆ. "ಅಕ್ಕನನ್ನು ಕರೀರಿ, ಶುರು ಮಾಡಿದ್ದು ಅವ್ರು" ಎಂದು ಅವಳು ಉತ್ತರ ಬರೆದು, ಅದನ್ನು ನನಗೂ ಕಳಿಸಿದಳು. ಅವರು ಇಬ್ಬರನ್ನೂ ಕರೆದರು. ನಾನು ಹದಿನೈದು ಸ್ಲೈಡು ತೋರಿಸಿದೆ. ಅವಳು ಬರಿಗೈಯಲ್ಲಿ ನಿಂತು, ಮೊದಲ ದಿನ ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದನ್ನು ಹೇಳಿದಳು. ಜನ ಕಣ್ಣೊರೆಸಿಕೊಂಡರು. ಅವರ ಸುದ್ದಿಪತ್ರದಲ್ಲಿ ಅವಳ ಫೋಟೊ ಬಂತು, ನನ್ನ ಬಲಭುಜ ಅದರ ಅಂಚಿನಲ್ಲಿತ್ತು. ಆ ಫೋಟೊವನ್ನು ನಾನು ದೊಡ್ಡದು ಮಾಡಿ ಮಾಡಿ ನೋಡಿದೆ. ಭುಜ ಭುಜವಾಗಿಯೇ ಉಳಿಯಿತು.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ, ಟೋಸ್ಟ್ ತಿನ್ನುತ್ತ ಫೋನು ನೋಡುವಾಗ ಆ ಜಾಹೀರಾತು ಕಾಣಿಸಿತು. ಲೀಡ್ಸ್ ಕಡೆಯ ಒಂದು ನದಿ ಸಂಸ್ಥೆಯಲ್ಲಿ ಕಾಯಂ ಕೆಲಸ. ಮೇಲಿನ ಬೆಟ್ಟದಿಂದ ಕೆಳಗಿನ ಅಳಿವೆಯವರೆಗೆ ಒಂದು ಇಡೀ ನದಿ, ಅದರ ದಡದ ಜನರನ್ನು ಕೂಡಿಸಿಕೊಂಡು ಮಾಡುವ ಕೆಲಸ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ವೀಸಾಗೆ ಸ್ಪಾನ್ಸರ್ ಮಾಡುತ್ತೇವೆ ಎಂದಿತ್ತು. ಕೆಲಸ ಕೊಟ್ಟವರು ಸ್ಪಾನ್ಸರ್ ಮಾಡದಿದ್ದರೆ ವೀಸಾ ಮುಗಿದ ಮೇಲೆ ಊರಿಗೆ ಹೊರಡಬೇಕು, ನಮ್ಮ ಕಸುಬಿನಲ್ಲಿ ಆ ಸಾಲು ಕಾಣಿಸುವುದು ಅಪರೂಪ. ನನ್ನ ಕಾಂಟ್ರ್ಯಾಕ್ಟ್ ಮಾರ್ಚಿಗೆ ಮುಗಿಯುತ್ತಿತ್ತು, ಅದರ ಹಿಂದೆಯೇ ವೀಸಾ. ಅವಳ ವೀಸಾ ಏಪ್ರಿಲ್‌ಗೆ. ಅವಳಿಗೂ ಕೆಲಸ ಸಿಕ್ಕಿರಲಿಲ್ಲ. ಅಳಿವೆ, ಜನ ಎಂಬ ಎರಡು ಮಾತನ್ನು ಓದಿದ ಕೂಡಲೇ ನನಗೆ ಕಂಡದ್ದು ನನ್ನ ಮುಖವಲ್ಲ, ಅವಳ ಮುಖ.

ಗುಂಪಿಗೆ ಹಾಕಲಿಲ್ಲ.

ಮೊದಲ ದಿನ, ಸಂಜೆ ಹಾಕಿದರಾಯಿತು ಎಂದುಕೊಂಡೆ. ಎರಡನೆಯ ದಿನ, ಸ್ಪಾನ್ಸರ್ ವಿಷಯ ನಿಜವೋ ಸುಳ್ಳೋ, ಸುಮ್ಮನೆ ಎಲ್ಲರಿಗೂ ಆಸೆ ಹುಟ್ಟಿಸುವುದು ಏಕೆ ಎಂದುಕೊಂಡೆ. ಮೂರನೆಯ ದಿನದಿಂದ ನೆಪ ಹುಡುಕುವುದನ್ನೂ ಬಿಟ್ಟೆ. ದಿನಾ ಅರ್ಜಿ ಬರೆಯಲು ಕೂತೆ. ಹೇಳೋದು ಶಾಸ್ತ್ರ, ಹಾಕೋದು ಗಾಳ ಎಂಬ ಗಾದೆಯನ್ನು ಬೇರೆಯವರಿಗೆ ಎಷ್ಟು ಸಲ ಅಂದಿದ್ದೆನೋ.

ಆ ವಾರದ ಶನಿವಾರವೇ ನಮ್ಮ ನಡಿಗೆ ಇತ್ತು, ಶೆಫೀಲ್ಡ್ ಹೊರಗಿನ ಬಯಲಿನಲ್ಲಿ. ಅರ್ಧ ದಾರಿಯಲ್ಲಿ ಕಲ್ಲಿನ ಗೋಡೆಯ ಮರೆಯಲ್ಲಿ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತ, ಯಾರ ಕಣ್ಣಿಗೆ ಯಾವ ಕೆಲಸ ಬಿದ್ದಿದೆ ಎಂದು ಒಬ್ಬೊಬ್ಬರೂ ಹೇಳುವುದು ನಮ್ಮಲ್ಲಿ ರೂಢಿ. ಕೇಳುವವಳು ನಾನು. ನನ್ನ ಸರದಿ ಬಂದಾಗ "ಈ ತಿಂಗಳು ನನ್ನ ಕಡೆ ಏನೂ ಇಲ್ಲ" ಎಂದೆ. ಪಕ್ಕದಲ್ಲಿ ಕೂತಿದ್ದ ಅವಳು ಚಹಾದ ಮುಚ್ಚಳವನ್ನೇ ನೋಡುತ್ತ "ನನ್ನ ಕಡೆಯೂ ಇಲ್ಲ" ಎಂದಳು. ಅವಳ ಸಪ್ಪೆ ಮುಖ ಕಂಡು, ವೀಸಾದ ಚಿಂತೆ ಇರಬೇಕು ಎಂದುಕೊಂಡೆ. ಒಂದು ಕ್ಷಣ ಪಾಪ ಅನಿಸಿತು, ಮರುಕ್ಷಣ ಅವಳು ಡಬ್ಬಿ ತೆಗೆದಳು, ಎಲ್ಲರೂ ಅವಳ ಸುತ್ತ ಸೇರಿದರು, ಪಾಪ ಹೋಯಿತು. ಭಾನುವಾರ ಮಧ್ಯಾಹ್ನ ಅರ್ಜಿ ಕಳಿಸಿಬಿಟ್ಟೆ.

ಸೋಮವಾರ ಊಟದ ಹೊತ್ತಿಗೆ ಗುಂಪಿನಲ್ಲಿ ಅದೇ ಜಾಹೀರಾತು ಬಂತು. ಹಾಕಿದವಳು ಅವಳೇ. ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದಳು: ಇದು ನಮ್ಮ ಅಕ್ಕನಿಗೆ ಅಳತೆ ತೆಗೆದು ಹೊಲಿದ ಹಾಗಿದೆ, ಬುಧವಾರ ಕೊನೆಯ ದಿನ, ಎಲ್ಲರೂ ಸೇರಿ ಅವರಿಂದ ಅರ್ಜಿ ಹಾಕಿಸಬೇಕು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ನನಗೆ ಮೊದಲು ಹೊಳೆದದ್ದು, ಇವಳಿಗೆ ಗೊತ್ತಾಗಿಬಿಟ್ಟಿದೆ, ಎಲ್ಲರ ಎದುರು ಚುಚ್ಚುತ್ತಿದ್ದಾಳೆ ಎಂದು. ಅಷ್ಟರಲ್ಲಿ ಅವಳದೇ ಫೋನು ಬಂತು.

"ಅಕ್ಕಾ, ನೋಡಿದ್ರಾ?"

"ಈಗಷ್ಟೇ ನೋಡ್ದೆ ಕಣೇ. ನನ್ನ ಕಣ್ಣಿಗೆ ಬಿದ್ದೇ ಇರ್ಲಿಲ್ಲ."

"ಎರಡು ದಿನ ಉಂಟು. ನೀವು ಬರ್ದು ಕಳ್ಸಿ, ನಾನು ಓದ್ತೇನೆ."

"ನೀನೇ ಯಾಕೆ ಹಾಕ್ಬಾರ್ದು?" ಎಂದೆ.

"ಛೆ ಛೆ, ನಂದು ಎಂತದು ಅಕ್ಕಾ. ನಿಮ್ಮಷ್ಟು ಅನುಭವ ನಂಗೆಲ್ಲಿ ಉಂಟು?"

ಆಗಲೇ ಕಳಿಸಿಯಾಗಿದ್ದ ಅರ್ಜಿಯನ್ನು, ರಾತ್ರೋರಾತ್ರಿ ಬರೆದವಳಂತೆ, ಮರುದಿನ ಅವಳಿಗೆ ಕಳಿಸಿದೆ. ಎರಡು ಗಂಟೆಯೊಳಗೆ ವಾಪಸ್ ಬಂತು, ಅಂಚಿನ ತುಂಬ ಟಿಪ್ಪಣಿ. ಒಂದೊಂದೂ ಸರಿಯಾಗಿತ್ತು. ಕೊನೆಯ ಪುಟದಲ್ಲಿ "ಅಕ್ಕಾ, ಇಷ್ಟು ಜನರನ್ನು ಕೂಡಿಸಿದ್ದೀರಿ, ಗುಂಪಿನ ಬಗ್ಗೆ ಒಂದು ಸಾಲೂ ಇಲ್ಲವಲ್ಲ! ಅದೇ ನಿಮ್ಮ ದೊಡ್ಡ ಕೆಲಸ" ಎಂದು ಬರೆದಿದ್ದಳು. ಆ ವಾರ ಗುಂಪಿನ ಬಗ್ಗೆ ಬರೆಯಲು ನನ್ನ ಕೈ ಏಳದಿದ್ದದ್ದು ಅವಳಿಗೆ ಹೇಗೆ ಗೊತ್ತಾಗಬೇಕು. ತಿದ್ದಲು ಕಾಲ ಮೀರಿತ್ತು. ಅವಳೇ ಬರೆದಿದ್ದರೆ ನನ್ನದು ಅವಳದರ ಮುಂದೆ ನಿಲ್ಲುತ್ತಿರಲಿಲ್ಲ ಎಂದು ಅಂಚಿನ ಆ ಟಿಪ್ಪಣಿಗಳನ್ನು ನೋಡಿಯೇ ತಿಳಿಯಿತು. ಅವಳಿಗೆ ಥ್ಯಾಂಕ್ಸ್ ಹೇಳಿ ಒಂದು ಹೃದಯದ ಚಿತ್ರ ಕಳಿಸಿದೆ.

ಆದರೂ ಇಂಟರ್‌ವ್ಯೂಗೆ ಕರೆದರು. ಮೂರು ಜನ ಕೂತಿದ್ದರು, ನಡುವೆ ಕನ್ನಡಕದ ಹಿರಿಯ ಹೆಂಗಸು. ಹುಳ, ನೀರು, ರೈತರು ಎಲ್ಲ ಆದಮೇಲೆ ಆಕೆ ಕೇಳಿದರು, ಈ ಕ್ಷೇತ್ರದಲ್ಲಿ ಬೇರೆಯವರಿಗೆ ಬಾಗಿಲು ತೆರೆಯಲು ನೀವೇನು ಮಾಡಿದ್ದೀರಿ? ನಾನು ಬೆನ್ನು ನೆಟ್ಟಗೆ ಮಾಡಿ ದೋಸೆ ಹೋಟೆಲಿನ ಕಥೆ ಹೇಳಿದೆ. ನಿಯಮ ಹೇಳಿದೆ. ಅದೇ ದಿನ ಹಾಕಬೇಕು, ತಾವೇ ಅರ್ಜಿ ಹಾಕುವವರಿದ್ದರೂ ಹಾಕಲೇಬೇಕು. ಎಷ್ಟು ಚೆನ್ನಾಗಿ ಹೇಳಿದೆ ಎಂದರೆ ನನಗೇ ನಂಬಿಕೆ ಬಂತು. "ಅದನ್ನು ಪಾಲಿಸುವುದು ಕಷ್ಟವಲ್ಲವೇ?" ಎಂದರು ಆಕೆ. "ಕಷ್ಟವೇ. ಆದರೆ ಪಾಲಿಸುತ್ತೇವೆ" ಎಂದೆ. ಆಕೆ ಪೆನ್ನು ಕೆಳಗಿಟ್ಟು ನಕ್ಕರು. ಕೆಲಸ ಅಲ್ಲೇ ಸಿಕ್ಕಿತು ಎಂದು ನನಗೆ ಗೊತ್ತಾಯಿತು. ಪತ್ರ ನಾಲ್ಕು ದಿನ ಬಿಟ್ಟು ಬಂತು.

ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಕುಣಿದವಳು ಅವಳು. ಭಾನುವಾರ ಬ್ರೂಮ್‌ಹಿಲ್‌ಗೆ ಊಟಕ್ಕೆ ಕರೆದಳು. ನೀರುದೋಸೆ, ಕಾಯಿಚಟ್ನಿ, ಜೊತೆಗೆ ಕಾಯಿಬೆಲ್ಲ. ಮನೆಯ ಉಳಿದ ನಾಲ್ವರೂ ಹೊರಗೆ ಹೋಗಿದ್ದರು. ಅಡುಗೆಮನೆಯ ಬಾಗಿಲ ಹಿಂದೆ ಎರಡು ರಟ್ಟಿನ ಪೆಟ್ಟಿಗೆ ತುಂಬಿ ಕಟ್ಟಿಟ್ಟಿತ್ತು. ಏಪ್ರಿಲ್ ಮೊದಲ ವಾರಕ್ಕೆ ಟಿಕೆಟ್ ತೆಗೆಸಿದ್ದಳು. ಊರಿಗೆ ಹೋಗಿ ಏನು ಮಾಡುತ್ತೀಯ ಎಂದು ಕೇಳಿದೆ. "ನೋಡ್ಬೇಕು, ಎಂತಾದ್ರೂ ಆಗ್ತದೆ" ಎಂದಳು. ಕಾವಲಿಗೆ ಹಿಟ್ಟು ಹೊಯ್ಯುತ್ತಿದ್ದವಳು ಇದ್ದಕ್ಕಿದ್ದಂತೆ ಒಲೆ ಆರಿಸಿ ನನ್ನ ಎದುರು ಬಂದು ಕೂತಳು.

"ಅಕ್ಕಾ, ನಿಮ್ಗೆ ಒಂದು ಹೇಳ್ಲಿಕ್ಕುಂಟು. ಹೇಳದೆ ಹೋದ್ರೆ ನಂಗೆ ಊರಲ್ಲೂ ನಿದ್ರೆ ಬರ್ಲಿಕ್ಕಿಲ್ಲ."

"ಏನೇ ಅದು?"

"ಆ ಕೆಲ್ಸ ನಾನು ನೋಡಿದ್ದು ಸೋಮವಾರ ಅಲ್ಲ. ಶುಕ್ರವಾರವೇ ನೋಡಿದ್ದೆ. ಗುಂಪಿಗೆ ಹಾಕ್ಲಿಲ್ಲ. ಶನಿವಾರ ನಿಮ್ಮ ಪಕ್ಕ ಕೂತು ಸುಳ್ಳು ಹೇಳಿದೆ ಅಕ್ಕಾ. ನಂಗೇ ಬೇಕು ಅಂತ ಆಸೆ ಆಯ್ತು. ಕೂತು ಅರ್ಜಿ ಬರ್ದೆ, ಪೂರಾ ಬರ್ದೆ. ಕಳ್ಸ್ಲಿಕ್ಕೆ ಮನ್ಸು ಬರ್ಲಿಲ್ಲ. ಅಲ್ಲ, ನನ್ನನ್ನು ಕೈ ಹಿಡ್ದು ಕರ್ಕೊಂಡು ಬಂದವ್ರಿಗೇ ಹೀಗೆ ಮಾಡಿದ್ನಲ್ಲ ಅಂತ. ಅದಕ್ಕೇ ಅಳಿಸಿ, ಗುಂಪಿಗೆ ಹಾಕಿದೆ. ಮೂರು ದಿನ ಮುಚ್ಚಿಟ್ಟಿದ್ದೆ ಅಕ್ಕಾ. ನಿಮ್ಗೆ ತಪ್ಪಿಹೋಗಿದ್ರೆ ನಾನೆಂತ ಮಾಡ್ತಿದ್ದೆ?"

ಅಳುತ್ತ ನನ್ನ ಕೈ ಹಿಡಿದುಕೊಂಡಳು. ಈಗ ಮಾತಾಡುವ ಸರದಿ ನನ್ನದು ಎಂದು ಸ್ಪಷ್ಟವಾಗಿ ಗೊತ್ತಿತ್ತು. ಒಂದೇ ವಾಕ್ಯ ಸಾಕಿತ್ತು. ಬಾಯಿ ತೆರೆದೆ ಕೂಡ. ಆದರೆ ಅವಳ ಮುಖ ನೋಡಿದೆ. ಹೇಳಿ ಮುಗಿಸಿದವಳ ಮುಖ, ಒದ್ದೆಯಾಗಿತ್ತು, ಹಗುರಾಗಿತ್ತು. ಕೆಲಸ ನನ್ನದು, ವೀಸಾ ನನ್ನದು, ಹೊಳೆ ನನ್ನದು. ಪೆಟ್ಟಿಗೆ ಕಟ್ಟಿದವಳು ಅವಳು. ಆದರೂ ಆ ಅಡುಗೆಮನೆಯಲ್ಲಿ ಹೊಟ್ಟೆ ಉರಿದದ್ದು ನನಗೆ, ಅದೂ ಅಷ್ಟು ದಿನದಲ್ಲಿ ಎಂದೂ ಉರಿಯದಷ್ಟು.

"ಅಳಬೇಡ, ಸುಮ್ನಿರು" ಎಂದು ಅವಳ ತಲೆ ಸವರಿದೆ. "ನಾನೇನೂ ಬೇಜಾರು ಮಾಡ್ಕೊಳಲ್ಲ. ಮೂರೇ ದಿನ ತಾನೆ."

"ಗುಂಪಿನಲ್ಲಿ ಯಾರಿಗೂ ಹೇಳ್ಬೇಡಿ ಅಕ್ಕಾ."

"ಹೇಳಲ್ಲ" ಎಂದೆ. ಅವಳು ಮೂಗು ಒರೆಸಿಕೊಂಡು, ನಕ್ಕು, ಮತ್ತೆ ಒಲೆ ಹಚ್ಚಿದಳು. ಬಿಸಿ ದೋಸೆಯೊಂದನ್ನು ಮಡಿಸಿ ನನ್ನ ತಟ್ಟೆಗೆ ಹಾಕಿ, "ನಿಮ್ಮ ಹಾಗೆ ಮನಸ್ಸು ಎಲ್ಲರಿಗೂ ಇರೂದಿಲ್ಲ" ಎಂದಳು. ನಾನು ತಲೆ ತಗ್ಗಿಸಿ ತಿಂದೆ.